ಕಳ್ಳ ಕಡಲಿಗೆ ಕಾವಲಿರುವ ಹಳದಿ ಚೆಂಡು

ಕೇರಳದ ಮೀನುಗಾರರ ಒಂದು ಪದವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ‘ಕಳ್ಳಕ್ಕಡಲ್’. ಕಳ್ಳನಂತೆ ಬರುವ ಕಡಲು. ಆಕಾಶ ಶುಭ್ರವಾಗಿರುತ್ತದೆ, ಗಾಳಿಯೂ ಇರುವುದಿಲ್ಲ. ಆದರೂ ಸಮುದ್ರ ಉಬ್ಬಿ ಬಂದು ಮನೆಯ ಅಂಗಳ ಹೊಕ್ಕುತ್ತದೆ. 2005ರ ಮೇ ತಿಂಗಳಲ್ಲಿ ಹೀಗೆ ಬಂದ ಕಡಲನ್ನು ತಿರುವನಂತಪುರದ ಭೂವಿಜ್ಞಾನ ಕೇಂದ್ರದವರು ಅಧ್ಯಯನ ಮಾಡಿದರು. 2012ರಲ್ಲಿ ಯುನೆಸ್ಕೋ ಈ ಪದವನ್ನೇ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಬೆಸ್ತರ ಬಾಯಿಮಾತು ಹೀಗೆ ಜಗತ್ತಿನ ಪುಸ್ತಕ ಸೇರಿತು.

2024ರ ಮಾರ್ಚ್ 31ರಂದು ಕೇರಳದ ಕರಾವಳಿಯ ಹಲವೆಡೆ ಮತ್ತೆ ಇದೇ ಆಯಿತು. ತಿರುವನಂತಪುರ, ಕೊಲ್ಲಂ, ಆಲಪ್ಪುಳ, ತೃಶ್ಶೂರು ಜಿಲ್ಲೆಗಳ ತೀರದ ಮನೆಗಳಿಗೆ ನೀರು ನುಗ್ಗಿತು. ಕಾರಣ ಇಲ್ಲಿರಲಿಲ್ಲ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಮಹಾಸಾಗರದಲ್ಲಿ ಬೀಸಿದ ಬಿರುಗಾಳಿ ಎಬ್ಬಿಸಿದ ಅಲೆಗಳು ದಿನಗಟ್ಟಲೆ ಪಯಣಿಸಿ ಇಲ್ಲಿ ದಡ ಸೇರಿದ್ದವು. ಒಂದು ಅಲೆಯಿಂದ ಮುಂದಿನ ಅಲೆಗೆ 18 ಸೆಕೆಂಡು ಅಂತರವಿದ್ದರೆ ಆ ಅಲೆಗಳ ಶಕ್ತಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ, ಅಂದರೆ ದಿನಕ್ಕೆ 1,200 ಕಿ.ಮೀ. ಸಾಗುತ್ತದೆ. ಕಳ್ಳ ಮನೆಗೆ ಬರುವ ನಾಲ್ಕೈದು ದಿನ ಮೊದಲೇ ಹೊರಟಿರುತ್ತಾನೆ. ದಾರಿಯಲ್ಲಿ ಅವನನ್ನು ನೋಡುವವರು ಬೇಕು, ಅಷ್ಟೆ.

ಆ ನೋಡುವ ಕೆಲಸ ಮಾಡುವ ಉಪಕರಣಗಳ ದುರಸ್ತಿ, ನಿರ್ವಹಣೆಯೇ ನನ್ನ ಹೊಟ್ಟೆಪಾಡು. ಊರು ಗಂಗೊಳ್ಳಿ, ವಾಸ ಮಟ್ಟಾಂಚೇರಿ. ಕೊಂಕಣಿ, ಗುಜರಾತಿ, ತಮಿಳು, ತುಳು ಎಲ್ಲ ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ಊರಿದು. ನಾವು ‘ತೆರೆ’ ಎನ್ನುವುದನ್ನು ಇವರು ‘ತಿರ’ ಎನ್ನುತ್ತಾರೆ. ಭಾಷೆ ಕಲಿಯಲು ನನಗೆ ಹೆಚ್ಚು ದಿನ ಹಿಡಿಯಲಿಲ್ಲ.

ಅಲೆ ಅಳೆಯುವ ಸಾಧನಕ್ಕೆ ‘ವೇವ್ ರೈಡರ್ ಬಾಯ್’ ಎಂದು ಹೆಸರು. ನೋಡಲು ಒಂದು ದೊಡ್ಡ ಹಳದಿ ಚೆಂಡು. ಅಗಲ ಒಂದು ಮೀಟರಿಗೂ ಕಡಿಮೆ. ತಳದ ಲಂಗರಿಗೆ ಇದನ್ನು ಕಟ್ಟುವ ಹಗ್ಗದ ಮೇಲ್ಭಾಗ ರಬ್ಬರಿನದು. ಹಗ್ಗ ಬಿಗಿಯಾಗಿದ್ದರೆ ಚೆಂಡು ಅಲೆಯ ಜೊತೆ ಏರಿಳಿಯುವುದಿಲ್ಲ, ಲೆಕ್ಕ ತಪ್ಪುತ್ತದೆ. ಚೆಂಡಿನೊಳಗಿನ ಸಂವೇದಕ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಮೇಲೆ ಕೆಳಗೆ ಎಸೆಯಲ್ಪಡುವಾಗಿನ ವೇಗೋತ್ಕರ್ಷವನ್ನು ದಾಖಲಿಸುತ್ತದೆ. ಅದರಿಂದ ಲೆಕ್ಕ ಹಾಕಿ ವೇಗ, ವೇಗದಿಂದ ಎತ್ತರ ತೆಗೆಯುತ್ತಾರೆ. ಅಲೆ ಯಾವ ದಿಕ್ಕಿನಿಂದ ಬಂತು ಎಂಬುದೂ ತಿಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಈ ಲೆಕ್ಕ ದಡಕ್ಕೆ ಬರುತ್ತದೆ. 1953ರ ಭೀಕರ ಪ್ರವಾಹದ ನಂತರ ಕಡಲಿಗೆ ಕಟ್ಟೆ ಕಟ್ಟಲು ಹೊರಟ ನೆದರ್ಲೆಂಡ್ಸ್ ದೇಶದಲ್ಲಿ ಈ ಚೆಂಡು ಬೆಳೆದದ್ದು ಆಕಸ್ಮಿಕವಲ್ಲ.

ನಮ್ಮ ದೇಶದಲ್ಲಿ ಈ ಜಾಲವನ್ನು ನಡೆಸುವುದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ. ಕೇರಳದಲ್ಲಿ ಕೋಳಿಕ್ಕೋಡ್, ಕೊಲ್ಲಂ, ನಮ್ಮಲ್ಲಿ ಕಾರವಾರ ಈ ಪಟ್ಟಿಯಲ್ಲಿವೆ. ಗಾಳಿಯ ಲೆಕ್ಕದಿಂದ ಕಂಪ್ಯೂಟರ್ ಮಾಡಿದ ಮುನ್ಸೂಚನೆ ಸರಿಯೋ ತಪ್ಪೋ ಎಂದು ತಾಳೆ ನೋಡುವುದು ಈ ಚೆಂಡು ಕೊಡುವ ಅಳತೆಯಿಂದಲೇ.

ಮುನ್ಸೂಚನೆ ಓದುವವರು ಒಂದು ಮಾತು ನೆನಪಿಡಬೇಕು. ‘ಅಲೆಯ ಎತ್ತರ 2.5 ಮೀಟರ್’ ಎಂದರೆ ಅತಿ ಎತ್ತರದ ಅಲೆ ಅಷ್ಟೇ ಎಂದಲ್ಲ. ಬಂದ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಭಾಗವನ್ನು ಆರಿಸಿ ತೆಗೆದ ಸರಾಸರಿ ಅದು. ಅದೇ ಹೊತ್ತಿನಲ್ಲಿ ಒಂಟಿ ಅಲೆಯೊಂದು ಹೆಚ್ಚು ಕಡಿಮೆ ಅದರ ಎರಡು ಪಟ್ಟು ಏಳಬಹುದು. ದೋಣಿ ಮಗುಚಲು ಆ ಒಂದು ಅಲೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಈ ಚೆಂಡಿನ ದೊಡ್ಡ ಶತ್ರು ಬಿರುಗಾಳಿಯಲ್ಲ, ನಾವೇ. ತೇಲುವ ವಸ್ತುವಿನ ನೆರಳಿನಲ್ಲಿ ಮೀನು ಸೇರುತ್ತದೆ. ದೋಣಿಗಳು ಅಲ್ಲಿಗೇ ಬರುತ್ತವೆ. ಕೆಲವರು ಅದಕ್ಕೇ ಹಗ್ಗ ಕಟ್ಟಿ ನಿಲ್ಲುತ್ತಾರೆ, ಬಲೆ ಸಿಕ್ಕಿಕೊಂಡರೆ ಕೆಳಗಿನ ಹಗ್ಗ ಕತ್ತರಿಸುತ್ತಾರೆ. ಊರಲ್ಲಿ ಬೋಟಿಗೆ ಹೋಗುವ ಚಿಕ್ಕಪ್ಪನ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು ಕೇಳಿದ: ‘ಅದ್ರ ಅಡಿಗೆ ಮೀನ್ ಒಟ್ಟಾತ್ತಲ್ದಾ ಅಣ್ಣಾ, ಬಿಡುದ್ ಹ್ಯಾಂಗೆ?’ ಅವನ ಪ್ರಶ್ನೆಯಲ್ಲಿ ನ್ಯಾಯವಿದೆ. ಡೀಸೆಲ್ ಸುಟ್ಟು ಹೋದವನಿಗೆ ಮೀನು ಬೇಕು. ‘ಹತ್ತಿರ ಮೀನು ಹಿಡಿ, ಅದಕ್ಕೆ ಕಟ್ಟಬೇಡ. ಅದು ಹೇಳದಿದ್ದರೆ ನಾಳೆ ನಿನಗೆ ಹೇಳುವವರಿಲ್ಲ’ ಎಂದೆ. ಸುಮ್ಮನಾದ.

ಮೇಲೆ ತೇಲುವ ಉಪಕರಣಕ್ಕೆ ಈ ಕಷ್ಟ ಇರುವುದರಿಂದಲೇ ಕೆಲವನ್ನು ನೀರಿನ ತಳದಲ್ಲಿ ಅಡಗಿಸಿಡುತ್ತಾರೆ. ಆಗ ಮರಳಿ ಪಡೆಯುವುದೇ ಸವಾಲು. ಉಪ್ಪುನೀರಿನಲ್ಲಿ ರೇಡಿಯೊ ಅಲೆ ದೂರ ಹೋಗುವುದಿಲ್ಲ. ಆದರೆ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಆದ್ದರಿಂದ ತಳದ ಭಾರಕ್ಕೂ ಉಪಕರಣಕ್ಕೂ ನಡುವೆ ಶಬ್ದಕ್ಕೆ ಓಗೊಡುವ ಒಂದು ಕೊಂಡಿ ಇಡುತ್ತಾರೆ. ಹಡಗಿನಿಂದ ಅದರದೇ ಸಂಕೇತದ ಶಬ್ದ ಕಳಿಸಿದರೆ ಮೊದಲು ‘ಇದ್ದೇನೆ’ ಎಂದು ಮರುದನಿ ಕೊಡುತ್ತದೆ, ಎಷ್ಟು ದೂರ ಎಂಬುದೂ ತಿಳಿಯುತ್ತದೆ. ಮುಂದಿನ ಸಂಕೇತಕ್ಕೆ ಕೊಕ್ಕೆ ಬಿಡುತ್ತದೆ. ಭಾರ ತಳದಲ್ಲೇ ಉಳಿಯುತ್ತದೆ, ಉಪಕರಣ ತೇಲುಗೋಳಗಳ ಜೊತೆ ಮೇಲೆ ಬರುತ್ತದೆ. ಹೆಸರು ಕರೆದರೆ ಎದ್ದು ಬರುವ ಮಗುವಿನ ಹಾಗೆ. ಕೊಚ್ಚಿಯ ತೃಕ್ಕಾಕ್ಕರದಲ್ಲಿರುವ ಡಿಆರ್‌ಡಿಒದ ಎನ್‌ಪಿಒಎಲ್ ಪ್ರಯೋಗಾಲಯ ನೀರೊಳಗಿನ ಈ ಶಬ್ದಶಾಸ್ತ್ರಕ್ಕೇ ಮುಡಿಪು. ಅದರ ಕೆಲಸಕ್ಕೆ ‘ಸಾಗರಧ್ವನಿ’ ಎಂಬ ಹಡಗು 1994ರಿಂದ ಇದೆ.

ದನಿಯಿಲ್ಲದೆ ತಳ ಸೇರಿದ ವಸ್ತುವನ್ನು ಹುಡುಕುವುದು ಎಂಥ ಕಷ್ಟ ಎಂಬುದು ಕರಾವಳಿಗರಿಗೆ ಗೊತ್ತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಮಲ್ಪೆ, ಭಟ್ಕಳ, ಕುಮಟಾ ಕಡೆಯ ಮನೆಗಳು ತಿಂಗಳುಗಟ್ಟಲೆ ದಾರಿ ಕಾದವು. ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ ಬಳಿ ಸುಮಾರು 60 ಮೀಟರ್ ಆಳದಲ್ಲಿ ಅವಶೇಷ ಕಂಡದ್ದು 2019ರ ಮೇ ತಿಂಗಳ ಆರಂಭದಲ್ಲಿ. 60 ಮೀಟರ್ ಎಂದರೆ ಶಬ್ದಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಆದರೆ ಕರೆದರೆ ಓಗೊಡುವ ಏನೂ ಅಲ್ಲಿರಲಿಲ್ಲ. ಲಕ್ಷಾಂತರ ಬೆಲೆಯ ಉಪಕರಣಕ್ಕೆ ನಾವು ಕಟ್ಟುವ ಆ ಮರುದನಿಯ ಕೊಂಡಿ, ಏಳು ಜೀವ ಹೊತ್ತ ಬೋಟಿಗೂ ಯಾವುದೋ ರೂಪದಲ್ಲಿ ಸಿಗಬೇಕಲ್ಲವೇ? ಕೆಲಸದ ನಡುವೆ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರ ಮನೆಯವರು ಗಂಗೊಳ್ಳಿಯಲ್ಲೋ ಹೊನ್ನಾವರದಲ್ಲೋ ಕಡಲಿಗೆ ಇಳಿಯುವವರೇ ಇರಬಹುದು. ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಹೊರಡುವ ಮುನ್ನ ಒಂದು ಫೋನ್ ಮಾಡಿ. ಅಲೆಯ ಎತ್ತರದ ಅಂಕಿಯನ್ನು ಹೇಗೆ ಓದಬೇಕೆಂದು ಹೇಳಿ. ಕಾರವಾರದ ಕಡಲಲ್ಲಿ ಹಳದಿ ಚೆಂಡು ಕಂಡರೆ ಹಗ್ಗ ಕಟ್ಟದೆ ದೂರದಿಂದ ಹೋಗಲು ಹೇಳಿ. ಅದು ಅಲ್ಲಿ ಯಾರ ಕೆಲಸಕ್ಕೆ ನಿಂತಿದೆ ಎಂಬುದನ್ನೂ ಮರೆಯದೆ ಹೇಳಿ.