ಅಂತರ್ಯುದ್ಧದ ಯೋಧರನ್ನು ಅರಸುವ ಅಮೆರಿಕದ ಮನೆತನಗಳು

ತನ್ನ ಪೂರ್ವಿಕರು ಯಾರು, ಅವರು ಹೇಗೆ ಬಾಳಿದರು ಎಂಬುದನ್ನು ಅರಿಯುವ ಹಂಬಲವು ಮನುಷ್ಯನಿಗೆ ಸಹಜವಾದುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಹಂಬಲವು ಅನೇಕರನ್ನು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾಗದಪತ್ರಗಳ ಬಳಿಗೆ ಕೊಂಡೊಯ್ಯುತ್ತದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ದಕ್ಷಿಣದ ಹನ್ನೊಂದು ಸಂಸ್ಥಾನಗಳು ಒಕ್ಕೂಟವನ್ನು ತೊರೆದುದರಿಂದ ಹುಟ್ಟಿದ ಯುದ್ಧವಿದು. ‘ನಮ್ಮ ಮನೆಯವನೊಬ್ಬನು ಅದರಲ್ಲಿ ಕಾದಿದನು’ ಎಂಬ ಮಾತು ಅಲ್ಲಿ ಎಷ್ಟೋ ಕುಟುಂಬಗಳಲ್ಲಿ ಉಳಿದುಬಂದಿದೆ. ಅದರ ನಿಜವನ್ನು ಶೋಧಿಸುವ ಬಗೆ ಹೇಗೆ?

ಮೊದಲು ಯೋಧನ ಹೆಸರು, ಅವನ ಪಕ್ಷ, ಅವನ ಸಂಸ್ಥಾನ ಮತ್ತು ರೆಜಿಮೆಂಟು ತಿಳಿಯಬೇಕು. ಏಕೆಂದರೆ ಸ್ವಯಂಸೇವಕ ದಳಗಳನ್ನು ಸಂಸ್ಥಾನವಾರಾಗಿ ಕಟ್ಟಿದ್ದರು. ಗೋರಿಯ ಕಲ್ಲು, ಮನೆಯ ಹಳೆಯ ಪತ್ರಗಳು ಇದಕ್ಕೆ ಸಹಾಯಕವಾಗುತ್ತವೆ. ಬರಿಯ ಹೆಸರನ್ನು ನೆಚ್ಚಿ ಹೊರಟರೆ ದಾರಿ ತಪ್ಪುವ ಸಂಭವವೇ ಹೆಚ್ಚು. ರಾಷ್ಟ್ರೀಯ ಉದ್ಯಾನಗಳ ಇಲಾಖೆಯವರು ಸಿದ್ಧಪಡಿಸಿರುವ ಯೋಧರ ಪಟ್ಟಿಯಲ್ಲಿ ಸುಮಾರು 63 ಲಕ್ಷ ನಮೂದುಗಳುಂಟು. ಎರಡು ದಳಗಳಲ್ಲಿದ್ದವನು, ಹೆಸರಿನ ಕಾಗುಣಿತ ಎರಡು ಬಗೆಯಾದವನು, ಅಲ್ಲಿ ಎರಡು ಸಲ ಕಾಣಿಸಿಕೊಳ್ಳುತ್ತಾನೆ.

ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಎರಡು ಬಗೆಯ ಕಡತಗಳು ದೊರೆಯುತ್ತವೆ. ಮೊದಲನೆಯದು ಸೇವೆಯ ದಾಖಲೆ. ಯೋಧನು ಎಂದು ಸೇರಿದನು, ಹಾಜರಿಯ ದಿನ ಇದ್ದನೆ, ಸೆರೆಸಿಕ್ಕನೆ, ಮಡಿದನೆ ಎಂಬುದಷ್ಟೇ ಸಾಮಾನ್ಯವಾಗಿ ಇದರಲ್ಲಿರುತ್ತದೆ. ಎರಡನೆಯದು ಪಿಂಚಣಿಯ ಕಡತ. ಇದೇ ಹೆಚ್ಚು ಬೆಲೆಯುಳ್ಳದ್ದು. 1862ರ ಶಾಸನದಂತೆ ಒಕ್ಕೂಟದ ಪಕ್ಷದಲ್ಲಿ ಅಂಗಹೀನರಾದ ಯೋಧರೂ ಮಡಿದವರ ವಿಧವೆಯರೂ ಮಕ್ಕಳೂ ಪಿಂಚಣಿಗೆ ಅರ್ಹರಾದರು. ವಿಧವೆಯು ತನ್ನ ವಿವಾಹವನ್ನೂ ಮಕ್ಕಳ ಜನನವನ್ನೂ ಸ್ಥಾಪಿಸಬೇಕಾಗಿತ್ತು. ಆದುದರಿಂದ ನೆರೆಹೊರೆಯವರ, ಸಂಗಡಿಗರ, ವೈದ್ಯರ ಹೇಳಿಕೆಗಳು ಅಲ್ಲಿ ಸೇರಿವೆ. ಜನನ ವಿವಾಹಗಳನ್ನು ಬರೆದಿಟ್ಟ ಮನೆಯ ಬೈಬಲಿನ ಹಾಳೆಗಳನ್ನೇ ಕೆಲವರು ಕಿತ್ತು ಕಳುಹಿಸಿದುದುಂಟು. ದಕ್ಷಿಣದ ಪಕ್ಷದ ಯೋಧರಿಗಾದರೋ ಪಿಂಚಣಿ ಕೊಟ್ಟವು ಆಯಾ ದಕ್ಷಿಣ ಸಂಸ್ಥಾನಗಳೇ. ಅವರ ಅರ್ಜಿಗಳನ್ನು ಅವರು ಮುಪ್ಪಿನಲ್ಲಿ ವಾಸಿಸಿದ ಸಂಸ್ಥಾನದಲ್ಲಿ ಹುಡುಕಬೇಕು.

ಈ ಕಡತಗಳು ಯಾರಿಗಿಂತಲೂ ಹೆಚ್ಚಾಗಿ ಉಪಕರಿಸಿರುವುದು ಗುಲಾಮರ ಸಂತತಿಯವರಿಗೆ. ಒಕ್ಕೂಟದ ಸೇನೆಯಲ್ಲಿ ಸುಮಾರು 1,79,000 ಮಂದಿ ಕಪ್ಪು ಜನರು ಸೇವೆ ಸಲ್ಲಿಸಿದರು. ಅವರಲ್ಲಿ ಬಹುಮಂದಿ ಗುಲಾಮರಾಗಿದ್ದವರು. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಡೆಯನ ಹೆಸರುಂಟು. ಗುಲಾಮನಿಗೆ ವಯಸ್ಸು, ಲಿಂಗ, ಬಣ್ಣಗಳಷ್ಟೇ ಉಂಟು. ಅವರ ವಿವಾಹಕ್ಕೆ ಕಾನೂನಿನ ಮನ್ನಣೆಯೂ ಇರಲಿಲ್ಲ. ಆದರೆ ಅಂಥ ಯೋಧನ ವಿಧವೆಯು ಪಿಂಚಣಿಯನ್ನು ಬೇಡಿದಾಗ, ತಮ್ಮ ಒಡೆಯನು ಯಾರು, ಮದುವೆಯನ್ನು ಕಂಡವರಾರು, ಮಕ್ಕಳ ಹೆಸರೇನು ಎಂಬುದನ್ನೆಲ್ಲ ಪ್ರಮಾಣಪೂರ್ವಕವಾಗಿ ಹೇಳಬೇಕಾಯಿತು. ಗಣತಿಯವರು ಬಿಟ್ಟ ಹೆಸರುಗಳು ಹೀಗೆ ಕಾಗದಕ್ಕೆ ಬಂದವು.

ಶೋಧಕನು ಕಾಗದವು ಹೇಳಿದುದನ್ನು ಒಪ್ಪಲು ಸಿದ್ಧನಾಗಿರಬೇಕು. ವೀರನೆಂದು ಕೇಳಿದ್ದ ಮುತ್ತಾತನು ದಳವನ್ನು ಬಿಟ್ಟು ಓಡಿದವನಾಗಿರಬಹುದು. ಈ ಯುದ್ಧದ ಕೊನೆಯ ಪಿಂಚಣಿಯು ತಿಂಗಳಿಗೆ 73 ಡಾಲರು 13 ಸೆಂಟುಗಳಂತೆ ಓರ್ವ ಯೋಧನ ಮಗಳಿಗೆ, ಆಕೆ 2020ರಲ್ಲಿ ತೀರಿಕೊಳ್ಳುವವರೆಗೂ ಸಲ್ಲುತ್ತಿತ್ತು. ಆಕೆಯ ತಂದೆಯು ಮೊದಲು ದಕ್ಷಿಣದ ಸೇನೆಯಲ್ಲಿದ್ದು, ಅದನ್ನು ತೊರೆದು, ಬಳಿಕ ಒಕ್ಕೂಟದ ಸೇನೆಯನ್ನು ಸೇರಿದವನು. ಮನೆಯ ಕಥೆಯು ಯೋಧನನ್ನು ಒಂದೇ ಬಣ್ಣದಲ್ಲಿ ಬರೆಯಬಹುದು. ಕಡತದಲ್ಲಿ ಅವನ ಭಯ, ಬಡತನ, ಧೈರ್ಯಗಳು ಒಟ್ಟಿಗೆ ಸಿಕ್ಕುತ್ತವೆ. ಅವನನ್ನು ನಿಜವಾಗಿ ಅರಿಯಬೇಕೆನ್ನುವವರು ಮೂರನ್ನೂ ಸ್ವೀಕರಿಸಬೇಕು.