ಎರಡು ಒಲೆ ಇದ್ರೆ ಮನೆ ಎಷ್ಟು?

ಸಂಕೇಶ್ವರದಲ್ಲಿ ಒಂದು ಮನೆ ಅಂದ್ಕೊಳ್ಳಿ.
ಅಣ್ಣ ಕೆಳಗೆ, ತಮ್ಮ ಮೇಲೆ.
ಇದು ಒಂದು ಮನೆಯಾ? ಎರಡಾ?

ಕೇಳೋರು ಯಾರು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ಜನಗಣತಿಯವರು ನೋಡೋದು ಅಡುಗೆ.
ಒಟ್ಟಿಗೆ ವಾಸ, ಒಂದೇ ಅಡುಗೆ ಇದ್ರೆ
ಒಂದು ಕುಟುಂಬ.
ಅಡುಗೆ ಬೇರೆಯಾದ್ರೆ, ಎರಡು.

ಕಟ್ಟಡದ ಲೆಕ್ಕ ಬೇರೆ.
2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಮೂರು ನೋಡುತ್ತೆ:
ಇರೋಕೆ ಜಾಗ,
ಅಡುಗೆಗೆ ಜಾಗ,
ಸ್ನಾನ, ಶೌಚಕ್ಕೆ ಜಾಗ.
ಮೂರೂ ಪ್ರತ್ಯೇಕ ಇದ್ರೆ, ಅದೊಂದು ವಾಸದ ಘಟಕ.
ಅಣ್ಣ-ತಮ್ಮ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಇದು ಯಾಕೆ ಮುಖ್ಯ?
ನೀರು, ಚರಂಡಿ, ಪಾರ್ಕಿಂಗ್
ಎಷ್ಟು ಬೇಕು ಅನ್ನೋದು ಈ ಘಟಕಗಳ ಮೇಲೆ ನಿಂತಿದೆ.
ಪ್ಲಾನಿನಲ್ಲಿ ಒಂದು ಮನೆ ತೋರಿಸಿ,
ಒಳಗೆ ನಾಲ್ಕು ಮಾಡಿದ್ರೆ?
ಒಂದು ಚಕ್ಕಡಿಗೆ ನಾಲ್ಕು ಚಕ್ಕಡಿ ಕಬ್ಬು ಹೇರಿದ ಹಾಗೆ!
ಭಾರ ಬೀಳೋದು ಇಡೀ ಓಣಿಯ ಮೇಲೆ.
ನಲ್ಲಿ ಸಣ್ಣಗಾಗುತ್ತೆ,
ಗಟಾರು ತುಂಬಿ ಹರಿಯುತ್ತೆ.

ಅದಕ್ಕೇ,
ಬಾಡಿಗೆಗೆ ಅಂತ ಮನೆ ಭಾಗ ಮಾಡೋ ಮುಂಚೆ,
ಮಹಡಿ ಏರಿಸೋ ಮುಂಚೆ,
ಪುರಸಭೆಗೆ ಹೋಗಿ.
ಪ್ಲಾನ್ ತೋರಿಸಿ, ಪರವಾನಗಿ ತಗೊಳ್ಳಿ.
ಮನೆಯಲ್ಲಿ ಎಷ್ಟು ಅಡುಗೆಮನೆಯೋ,
ನಕ್ಷೆಯಲ್ಲೂ ಅಷ್ಟೇ ಇರಲಿ.