ಮಾಲು ಒಳ್ಳೆಯದಿದ್ದರೆ ಸಾಕೇ? ಸಣ್ಣ ವ್ಯಾಪಾರಿಗಳಿಗೆ ಕೆಲವು ಮಾತುಗಳು

ಕಳೆದ ತಿಂಗಳ ಎರಡು ಜುಮಾಗಳಲ್ಲಿ ಹಲಾಲ್ ಸಂಪಾದನೆಯ ಕುರಿತು ಖುತ್ಬಾ ನೀಡಿದ್ದೆ. ತೂಕದಲ್ಲಿ ಕಡಿಮೆ ಮಾಡಬಾರದು, ಮಾಲಿನ ದೋಷ ಮುಚ್ಚಿಡಬಾರದು, ಆಣೆ ಹಾಕಿ ಮಾರಬಾರದು ಎಂದೆಲ್ಲ ಹೇಳಿದ್ದೆ. ಎರಡನೆಯ ಜುಮಾ ಮುಗಿಸಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಬ್ಬ ಸಹೋದರ ಬಳಿ ಬಂದರು. ಒಳಗಲ್ಲಿಯಲ್ಲಿ ಅವರದೊಂದು ಟೈಲರಿಂಗ್ ಅಂಗಡಿಯಿದೆ. "ಹಝ್ರತ್, ತಾವು ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಉಳಿದ ಬಟ್ಟೆಯ ತುಂಡನ್ನೂ ಗಿರಾಕಿಗೆ ವಾಪಸು ಕೊಡುತ್ತೇನೆ. ಆದರೆ ಗಿರಾಕಿಯೇ ಬರುವುದಿಲ್ಲವಲ್ಲ, ಏನು ಮಾಡಲಿ?" ಎಂದರು.

ನನ್ನ ಬಳಿ ಉತ್ತರ ಇರಲಿಲ್ಲ. ದುಆ ಮಾಡುತ್ತೇನೆ ಎಂದೆ. ಮನೆಗೆ ಬಂದ ಮೇಲೆ ಆ ಮಾತು ಕೊರೆಯತೊಡಗಿತು. ಅಸರ್ ನಂತರ ಅವರ ಅಂಗಡಿಗೆ ಹೋದೆ. ಬೋರ್ಡು ಮಾಸಿಹೋಗಿತ್ತು. ಹೆಸರು ಇಂಗ್ಲಿಷ್‌ನಲ್ಲಿತ್ತು, ಅದೂ ಬಳ್ಳಿ ಸುತ್ತಿದಂತಹ ಅಕ್ಷರಗಳಲ್ಲಿ. ಏನು ಹೊಲಿಯುತ್ತಾರೆ ಎಂದು ಎಲ್ಲೂ ಬರೆದಿರಲಿಲ್ಲ. ಮುಖ್ಯ ರಸ್ತೆಯಿಂದ ನೋಡಿದರೆ ಅಲ್ಲೊಂದು ಅಂಗಡಿ ಇದೆ ಎಂಬುದೇ ತಿಳಿಯದು. ಪ್ರಾಮಾಣಿಕತೆ ಅಂಗಡಿಯ ಒಳಗಿತ್ತು, ಗಿರಾಕಿ ರಸ್ತೆಯಲ್ಲಿ ಹೋಗುತ್ತಿದ್ದ.

ಈ ಲೇಖನ ಆ ಸಹೋದರನ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಬಿ.ಎ. ಓದುವಾಗ ಫೀಸಿಗಾಗಿ ಎರಡು ವರ್ಷ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಕೆಲಸ ಮಾಡಿದ್ದೆ. ಅಲ್ಲಿ ಕಲಿತದ್ದು, ಆಮೇಲೆ ಮೊಹಲ್ಲಾದ ವ್ಯಾಪಾರಿಗಳಿಂದ ಕಲಿತದ್ದು, ಎರಡನ್ನೂ ಇಲ್ಲಿ ಹಂಚಿಕೊಳ್ಳುತ್ತೇನೆ.

ಹೆಸರು ಮೊದಲು, ಲೋಗೋ ಆಮೇಲೆ

ಬ್ರ್ಯಾಂಡ್ ಎಂದರೆ ಬಣ್ಣದ ಚಿತ್ರ ಎಂದು ಹಲವರು ತಿಳಿದಿದ್ದಾರೆ. ನಾವು ಎದುರಿಗಿಲ್ಲದಾಗ ಜನರು ನಮ್ಮ ಬಗ್ಗೆ ಏನು ಹೇಳುತ್ತಾರೋ ಅದೇ ಬ್ರ್ಯಾಂಡ್. ಪ್ರವಾದಿತ್ವ ದೊರೆಯುವುದಕ್ಕೆ ಮುಂಚೆಯೇ ಮಕ್ಕಾದ ಜನರು ಪ್ರವಾದಿಯವರನ್ನು(ಸ) ಅಲ್ ಅಮೀನ್, ಅಂದರೆ ನಂಬಿಕಸ್ಥ ಎಂದು ಕರೆಯುತ್ತಿದ್ದರು. ವ್ಯಾಪಾರಿಯಾಗಿದ್ದ ಖದೀಜಾ(ರ) ತಮ್ಮ ಸರಕನ್ನು ಅವರ ಕೈಗೆ ಒಪ್ಪಿಸಿ ಸಿರಿಯಾಕ್ಕೆ ಕಳುಹಿಸಿದ್ದು ಈ ಹೆಸರನ್ನು ಕೇಳಿಯೇ. ಲೋಗೋ ಎಂಬುದು ಇಂತಹ ಹೆಸರನ್ನು ಜನರಿಗೆ ನೆನಪಿಸುವ ಗುರುತು ಮಾತ್ರ. ನೆನಪಿಸಲು ಒಳ್ಳೆಯದೇನೂ ಇಲ್ಲದಿದ್ದರೆ ಎಷ್ಟು ಚಂದದ ಲೋಗೋ ಇದ್ದರೂ ಪ್ರಯೋಜನವಿಲ್ಲ.

ಅಂಗಡಿಯ ಹೆಸರು ಚಿಕ್ಕದಾಗಿರಲಿ. ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ಬರೆದುಕೊಳ್ಳುವಂತಿರಲಿ. ಒಂದೇ ಬೀದಿಯಲ್ಲಿ ಮೂರು "ಸ್ಟಾರ್", ನಾಲ್ಕು "ಮದೀನಾ", ಎರಡು "ನ್ಯೂ ಭಾರತ್" ಇದ್ದರೆ ನಿಮ್ಮ ಒಳ್ಳೆಯ ಹೆಸರು ಇನ್ನೊಬ್ಬರಿಗೆ, ಅವರ ಕೆಟ್ಟ ಹೆಸರು ನಿಮಗೆ ಹೋಗುತ್ತದೆ. ಪ್ರಸಿದ್ಧ ಕಂಪೆನಿಯ ಹೆಸರಿನ ಒಂದಕ್ಷರ ಬದಲಿಸಿ ಇಟ್ಟುಕೊಳ್ಳುವುದಂತೂ ಗಿರಾಕಿಯನ್ನು ವಂಚಿಸುವ ದಾರಿ. ಕಾನೂನಿನಲ್ಲಿ ಅದು ತಪ್ಪು, ದೀನಿನಲ್ಲೂ ತಪ್ಪು.

ನಿಮ್ಮ ಹೆಸರು ನಿಲ್ಲುತ್ತಿದೆ ಎನಿಸಿದಾಗ ಟ್ರೇಡ್ ಮಾರ್ಕ್ ನೋಂದಣಿ ಮಾಡಿಸಿ. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಯ ಸರಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಹೆಸರಿನ ಪಕ್ಕ "ಟಿಎಂ" ಎಂದು ಈಗಲೇ ಹಾಕಿಕೊಳ್ಳಬಹುದು. ವೃತ್ತದೊಳಗಿನ "ಆರ್" ಗುರುತನ್ನು ಮಾತ್ರ ನೋಂದಣಿಯಾದ ಮೇಲೆಯೇ ಹಾಕಬೇಕು. ಅದಕ್ಕೂ ಮುಂಚೆ ಹಾಕುವುದು ಅಪರಾಧ. ಸಣ್ಣ ಉದ್ಯಮ ಎಂದು ತೋರಿಸುವ ಉದ್ಯಮ್ ನೋಂದಣಿ ಸರಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಅದಕ್ಕೆಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಬೋರ್ಡು ಓದಲು, ಅಲಂಕಾರಕ್ಕಲ್ಲ

ಬೋರ್ಡಿನಲ್ಲಿ ಮೂರೇ ವಿಷಯ ಸಾಕು: ಅಂಗಡಿಯ ಹೆಸರು, ಅಲ್ಲಿ ಏನು ಸಿಗುತ್ತದೆ, ಫೋನ್ ನಂಬರು. ಮಾಲೀಕರ ಫೋಟೋ, ಐದು ಬಣ್ಣದ ನೆರಳು, ಗುಲಾಬಿ ಹೂವು ಇವೆಲ್ಲ ಓದುವವನ ಕಣ್ಣಿಗೆ ಅಡ್ಡಿ.

ಬೋರ್ಡು ಬರೆಯುವವರಲ್ಲಿ ಒಂದು ಲೆಕ್ಕವಿದೆ. ಒಂದು ಅಂಗುಲ ಎತ್ತರದ ಅಕ್ಷರ ಹತ್ತು ಅಡಿ ದೂರಕ್ಕೆ ಸಲೀಸಾಗಿ ಕಾಣುತ್ತದೆ. ರಸ್ತೆಯ ಆಚೆ ಬದಿ ನಿಮ್ಮ ಅಂಗಡಿಯಿಂದ ಅರವತ್ತು ಅಡಿ ಇದ್ದರೆ ಹೆಸರಿನ ಅಕ್ಷರ ಆರು ಅಂಗುಲವಾದರೂ ಇರಲಿ. ಬಣ್ಣದಲ್ಲಿ ಗಾಢ ಮತ್ತು ತಿಳಿ ಎದುರುಬದುರಾಗಿರಲಿ. ಹಳದಿಯ ಮೇಲೆ ಕಪ್ಪು, ಗಾಢ ಹಸಿರಿನ ಮೇಲೆ ಬಿಳಿ ಚೆನ್ನಾಗಿ ಕಾಣುತ್ತದೆ. ಕೆಂಪಿನ ಮೇಲೆ ನೀಲಿ, ಬಿಳಿಯ ಮೇಲೆ ಹಳದಿ ಬೇಡ.

ಕನ್ನಡ ಅಕ್ಷರಕ್ಕೆ ಇನ್ನೊಂದು ಎಚ್ಚರ ಬೇಕು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷ್ ಸಾಲಿನ ಲೆಕ್ಕದಲ್ಲಿ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿಸಿ. ಜಾಗ ಸಾಲದಿದ್ದರೆ ಮಾತು ಕಡಿಮೆ ಮಾಡಿ, ಅಕ್ಷರವನ್ನು ಹಿಂಡಬೇಡಿ. 2024ರ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲಿನ ಅರ್ಧದಲ್ಲಿರಬೇಕು. ಕಾನೂನಿನ ಮಾತು ಬಿಡಿ, ಹಳ್ಳಿಯಿಂದ ಸಂತೆಗೆ ಬಂದ ಗಿರಾಕಿ ಓದುವುದು ಕನ್ನಡವನ್ನೇ.

ಮುದ್ರಣಕ್ಕೆ ಕೊಡುವ ಮುಂಚೆ

ಮುದ್ರಣಾಲಯದಲ್ಲಿದ್ದಾಗ ಒಬ್ಬರ 500 ವಿಸಿಟಿಂಗ್ ಕಾರ್ಡುಗಳಲ್ಲಿ ಫೋನ್ ನಂಬರಿನ ಒಂದು ಅಂಕಿ ತಪ್ಪಾಗಿ ಹಾಕಿದ್ದೆ. ಪ್ರೂಫ್ ನೋಡಿದ ಗಿರಾಕಿಗೂ ಗೊತ್ತಾಗಲಿಲ್ಲ. ಕಾರ್ಡು ಹಂಚಿ ಮುಗಿದ ಮೇಲೆ ತಿಳಿಯಿತು. ಆ ತಿಂಗಳ ಸಂಬಳದಲ್ಲಿ ಹಣ ಕಡಿತವಾದದ್ದು ನ್ಯಾಯವೇ ಆಗಿತ್ತು. ಅಂದಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ: ಪ್ರೂಫಿನಲ್ಲಿರುವ ನಂಬರನ್ನು ನೋಡಿ ಅದಕ್ಕೆ ಫೋನ್ ಮಾಡುವುದು. ರಿಂಗಾದರೆ ಮಾತ್ರ ಮುದ್ರಣ.

ಲೋಗೋ ಮಾಡಿಸಿದಾಗ ಡಿಸೈನರ್ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಚಿತ್ರದಿಂದ ತೃಪ್ತರಾಗಬೇಡಿ. ಅದನ್ನು ದೊಡ್ಡದು ಮಾಡಿದರೆ ಬೋರ್ಡಿನಲ್ಲಿ ಮಸುಕಾಗುತ್ತದೆ. ವೆಕ್ಟರ್ ಫೈಲ್ ಕೇಳಿ ಪಡೆಯಿರಿ. ಸಿಡಿಆರ್, ಎಸ್‌ವಿಜಿ ಅಥವಾ ವೆಕ್ಟರ್ ಇರುವ ಪಿಡಿಎಫ್ ಯಾವುದಾದರೂ ಆಗಬಹುದು. ಅದನ್ನು ಎಷ್ಟು ಹಿಗ್ಗಿಸಿದರೂ ಕೆಡುವುದಿಲ್ಲ. ಹಣ ಕೊಟ್ಟು ಮಾಡಿಸಿದ ಮೇಲೆ ಮೂಲ ಫೈಲು ನಿಮ್ಮ ಬಳಿ ಇರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ನುಡಿ, ಬರಹದಂತಹ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳಬಹುದು. ಆದ್ದರಿಂದ ಅಕ್ಷರಗಳನ್ನು ಕರ್ವ್ ಮಾಡಿಸಿಯೇ ಕಳುಹಿಸಿ. ಮೊಬೈಲಿನಲ್ಲಿ ಹೊಳೆಯುವ ಬಣ್ಣ ಕಾಗದದಲ್ಲಿ ಮಂಕಾಗುತ್ತದೆ, ಒಂದು ಪ್ರತಿ ತೆಗೆಸಿ ನೋಡಿ.

ಒದ್ದೆ ಕಾಳನ್ನು ಮೇಲಿಡಿ

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿಯವರು(ಸ) ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ನಿಮಗೆ ಗೊತ್ತಿರುವುದೇ. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ಜನರು ನೋಡುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಪ್ಯಾಕಿಂಗ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಪೊಟ್ಟಣ ಇರುವುದು ಒಳಗಿನದನ್ನು ತಿಳಿಸಲು, ಮರೆಮಾಡಲು ಅಲ್ಲ. ಹಾಗಾಗಿ ಗೋಡಂಬಿ ಹೆಚ್ಚಿಲ್ಲದ ಬಿಸ್ಕತ್ತಿನ ಪೊಟ್ಟಣದ ಮೇಲೆ ಗೋಡಂಬಿ ರಾಶಿಯ ಚಿತ್ರ ಬೇಡ.

ನಮ್ಮ ಮೊಹಲ್ಲಾದಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ಒಬ್ಬ ವಿಧವೆ ಸಹೋದರಿ ಇದ್ದಾರೆ. ಮೂವರು ಮಕ್ಕಳು. ಪ್ರತಿ ರಮಝಾನಿನಲ್ಲಿ ಮಸ್ಜಿದಿನ ಕಿಟ್ ಅವರ ಮನೆಗೆ ಹೋಗುತ್ತಿತ್ತು. ಉಪ್ಪಿನಕಾಯಿ ರುಚಿಯಾಗಿತ್ತು, ಆದರೆ ಅಂಗಡಿಯವರು ಇಟ್ಟುಕೊಳ್ಳುತ್ತಿರಲಿಲ್ಲ. ಒಬ್ಬ ಅಂಗಡಿಯವರನ್ನು ಕಾರಣ ಕೇಳಿದೆ. "ಬಾಟಲಿಯ ಮೇಲೆ ತಾರೀಖಿಲ್ಲ, ತೂಕವಿಲ್ಲ, ನಂಬರಿಲ್ಲ. ನಾಳೆ ಅಧಿಕಾರಿ ಬಂದರೆ ಉತ್ತರ ಹೇಳಬೇಕಾದವನು ನಾನು" ಎಂದರು. ತಪ್ಪು ಅವರದಲ್ಲ.

ನನ್ನ ಪತ್ನಿ ಮತ್ತು ಆ ಸಹೋದರಿ ಎರಡು ಸಂಜೆ ಕುಳಿತು ಹೊಸ ಲೇಬಲ್ ಬರೆದರು. ಮಾಲಿನ ಹೆಸರು, ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನ ಬಳಸಬಹುದು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಕರ ಹೆಸರು ಮತ್ತು ವಿಳಾಸ, ದೂರು ಹೇಳಲು ಫೋನ್ ನಂಬರು. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಮಾಂಸಾಹಾರವಾದರೆ ಕಂದು ಚೌಕದೊಳಗೆ ಕಂದು ತ್ರಿಕೋನ. ಇವುಗಳ ಜೊತೆ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನೋಂದಣಿ ಸಂಖ್ಯೆ. ಮನೆಯಲ್ಲಿ ಆಹಾರ ತಯಾರಿಸಿ ಮಾರುವವರಿಗೂ ಈ ನೋಂದಣಿ ಬೇಕು. ಪದಾರ್ಥಕ್ಕೆ ತಕ್ಕಂತೆ ಇನ್ನೂ ಕೆಲವು ವಿವರ ಬೇಕಾಗಬಹುದು, ನೋಂದಣಿ ಮಾಡಿಸುವಾಗಲೇ ಕೇಳಿ ತಿಳಿದುಕೊಳ್ಳಿ. ಲೇಬಲ್ಲಿಗೆ ಒಂದೇ ಬಣ್ಣ, ಬಾಟಲಿ ಪಾರದರ್ಶಕ. ಮಾವಿನ ಹೋಳು ಕಾಣುತ್ತದೆ, ಬೇರೆ ಚಿತ್ರ ಬೇಕಾಗಲಿಲ್ಲ.

ಇನ್ನೊಂದು ವಿನಂತಿ. ಬಿಸ್ಮಿಲ್ಲಾಹ್, ಕುರ್‌ಆನಿನ ವಚನ, ಕಾಬಾದ ಚಿತ್ರ ಇವನ್ನು ಕ್ಯಾರಿಬ್ಯಾಗ್, ಲೇಬಲ್, ಬಿಲ್ಲುಗಳ ಮೇಲೆ ಮುದ್ರಿಸಬೇಡಿ. ಅವು ಕೊನೆಗೆ ಸೇರುವುದು ಕಸದ ತೊಟ್ಟಿಗೆ, ಚರಂಡಿಗೆ. ಬರಕತ್ತಿಗಾಗಿ ಹಾಕಿದ್ದು ಬೇಅದಬಿಗೆ ಕಾರಣವಾಗಬಾರದು. ಬಿಸ್ಮಿಲ್ಲಾಹ್ ಹೇಳಿ ಅಂಗಡಿ ತೆರೆಯಿರಿ, ಅದು ಸಾಕು.

ಕೈಯಲ್ಲಿರುವ ಫೋನು

ಗೂಗಲ್ ಮ್ಯಾಪಿನಲ್ಲಿ ಅಂಗಡಿಯನ್ನು ಸೇರಿಸಲು ಹಣ ಕೊಡಬೇಕಾಗಿಲ್ಲ. ಸರಿಯಾದ ಜಾಗ, ತೆರೆಯುವ ಮತ್ತು ಮುಚ್ಚುವ ಸಮಯ, ಜುಮಾದ ಹೊತ್ತಿನ ಬಿಡುವು, ನಾಲ್ಕು ಒಳ್ಳೆಯ ಫೋಟೋ ಹಾಕಿ. ಫೋಟೋವನ್ನು ಬೆಳಗಿನ ಹೊತ್ತು ಕಿಟಕಿಯ ಬಳಿ, ಬಿಳಿ ಬಟ್ಟೆಯ ಮೇಲೆ ಮಾಲಿಟ್ಟು ತೆಗೆಯಿರಿ, ಫ್ಲ್ಯಾಶ್ ಬೇಡ. ಯಾರಾದರೂ ಕೆಟ್ಟ ಅಭಿಪ್ರಾಯ ಬರೆದರೆ ಜಗಳಕ್ಕಿಳಿಯದೆ, ತಪ್ಪಿದ್ದರೆ ಒಪ್ಪಿಕೊಂಡು ಸರಿಪಡಿಸುತ್ತೇವೆ ಎಂದು ಬರೆಯಿರಿ. ಆ ಉತ್ತರವನ್ನು ಮುಂದೆ ಬರುವ ಗಿರಾಕಿಗಳು ಓದುತ್ತಾರೆ. ಸಂಬಂಧಿಕರಿಂದ ಐದು ನಕ್ಷತ್ರಗಳ ಸುಳ್ಳು ಹೊಗಳಿಕೆ ಬರೆಸುವುದು ಸುಳ್ಳು ಸಾಕ್ಷಿ ಹೇಳಿಸಿದಂತೆ.

ವಾಟ್ಸ್ಆ್ಯಪ್ ಬಿಸಿನೆಸ್ ಕೂಡ ಉಚಿತ. ಅದರಲ್ಲಿ ಮಾಲಿನ ಫೋಟೋ ಮತ್ತು ಬೆಲೆಯ ಪಟ್ಟಿ ಇಡಬಹುದು. ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದು ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ. ಹಾಗಾಗಿ ಪ್ರತಿ ಗಿರಾಕಿಗೂ ನಂಬರ್ ಸೇವ್ ಮಾಡಿಕೊಳ್ಳಲು ಹೇಳಿ. ಮಸ್ಜಿದಿನ ಮಯ್ಯತ್ ಸುದ್ದಿಯ ಗ್ರೂಪಿನಲ್ಲಿ ದಯವಿಟ್ಟು ಜಾಹೀರಾತು ಹಾಕಬೇಡಿ.

ಸಂಪರ್ಕ ಎಂದರೆ ಉಪಕಾರ

ಹಿಜ್‌ರತ್ ಮಾಡಿ ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್‌ರಿಗೆ(ರ) ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ದುಆ ಮಾಡಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕು ಎಂದರು. ತುಪ್ಪ, ಗಿಣ್ಣು ಮಾರುವುದರಿಂದ ಶುರು ಮಾಡಿ ದೊಡ್ಡ ವ್ಯಾಪಾರಿಯಾದರು. ದಾರಿ ತೋರಿಸುವುದೂ ನೆರವೇ. ನಮ್ಮಲ್ಲಿ ಕೊರತೆ ಇರುವುದು ಇದರದ್ದೇ.

ನಿಮ್ಮಲ್ಲಿಲ್ಲದ ಮಾಲಿಗೆ ಬಂದ ಗಿರಾಕಿಯನ್ನು, ಅದು ಸಿಗುವ ಅಂಗಡಿಗೆ ಕಳುಹಿಸಿ. ಅವರು ಯಾವ ಧರ್ಮದವರಾದರೂ ಸರಿ. ಟೈಲರ್ ಬಟ್ಟೆ ಅಂಗಡಿಯವರನ್ನು, ಬಡಗಿ ಪೇಂಟರನ್ನು, ಅಡುಗೆಯವರು ಶಾಮಿಯಾನದವರನ್ನು ಪರಿಚಯ ಮಾಡಿಕೊಳ್ಳಲಿ. ನಿಮ್ಮ ಬೀದಿಯ ವರ್ತಕರ ಸಂಘಕ್ಕೆ ಸೇರಿ, ಸಭೆಗೆ ಹೋಗಿ, ಸಣ್ಣ ಕೆಲಸವೊಂದನ್ನು ಹೊತ್ತುಕೊಳ್ಳಿ. ಮೊಹಲ್ಲಾದೊಳಗೇ ಸುತ್ತುವ ವ್ಯಾಪಾರ ಮೊಹಲ್ಲಾದಷ್ಟೇ ದೊಡ್ಡದಾಗುತ್ತದೆ. ನಮ್ಮವರು ಎಂದು ಬಂದು ರಿಯಾಯಿತಿ, ಉದ್ರಿ ಕೇಳುವವರಿಗೂ ಒಂದು ಮಾತು: ನಮ್ಮವರಾದರೆ ಪೂರ್ತಿ ಬೆಲೆ ಕೊಟ್ಟು ಕೊಳ್ಳಿ. ಕುರ್‌ಆನಿನ ಅತಿ ದೀರ್ಘ ವಚನ ಇರುವುದು ಸಾಲವನ್ನು ಬರೆದಿಡುವ ಕುರಿತು. ಆರ್ಡರ್, ಮುಂಗಡ, ಬಾಕಿ ಎಲ್ಲವನ್ನೂ ಬರೆದಿಡಿ. ಬರೆದಿಟ್ಟ ಲೆಕ್ಕ ಸ್ನೇಹವನ್ನು ಕಾಯುತ್ತದೆ.

ಕೊಡಲಿಯ ಹಿಡಿ

ನೆರವು ಕೇಳಿ ಬಂದ ಒಬ್ಬ ಅನ್ಸಾರಿಯ ಮನೆಯಲ್ಲಿದ್ದ ಕಂಬಳಿ ಮತ್ತು ಬಟ್ಟಲನ್ನು ಪ್ರವಾದಿಯವರು(ಸ) ಎರಡು ದಿರ್ಹಮಿಗೆ ಹರಾಜು ಹಾಕಿದರು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ತರಿಸಿ, ಅದಕ್ಕೆ ತಮ್ಮ ಕೈಯಾರೆ ಹಿಡಿ ಜೋಡಿಸಿ, ಸೌದೆ ಕಡಿದು ಮಾರಲು ಕಳುಹಿಸಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಸೌದೆ ಕಡಿಯುವ ಕೆಲಸ ಆತನದ್ದೇ ಆಗಿತ್ತು, ಹಿಡಿ ಜೋಡಿಸಲು ಮಾತ್ರ ಇನ್ನೊಬ್ಬರ ಕೈ ಬೇಕಾಯಿತು.

ನಮ್ಮಲ್ಲಿ ಡಿಸೈನ್ ಬಲ್ಲ ಹುಡುಗರಿದ್ದಾರೆ, ಲೆಕ್ಕ ಬಲ್ಲ ಕಾಲೇಜು ಹೆಣ್ಣುಮಕ್ಕಳಿದ್ದಾರೆ. ತಿಂಗಳಿಗೆ ಒಂದು ಸಂಜೆ ಒಂದು ಅಂಗಡಿಗೆ ಕೊಟ್ಟರೆ ಅದು ಹಿಡಿ ಜೋಡಿಸಿದಂತೆ. ಟೈಲರ್ ಸಹೋದರನ ಹೊಸ ಬೋರ್ಡನ್ನು ಅಂತಹ ಇಬ್ಬರು ಹುಡುಗರೇ ಮಾಡಿಕೊಟ್ಟರು. ಈಗ ಮುಖ್ಯ ರಸ್ತೆಯಿಂದ ಓದಬಹುದು. ಗಿರಾಕಿ ಹೇಗಿದೆ ಎಂದು ಕೇಳಿದೆ. "ಮೊದಲಿಗಿಂತ ಪರವಾಗಿಲ್ಲ" ಎಂದರು.

ಉಪ್ಪಿನಕಾಯಿಯ ಬಾಟಲಿಗಳು ಈಗ ಐದು ಅಂಗಡಿಗಳಲ್ಲಿವೆ. ಈ ರಮಝಾನಿನಲ್ಲಿ ನಮ್ಮ ಹುಡುಗರು ಕಿಟ್ ಹಿಡಿದು ಹೋದಾಗ ಆ ಸಹೋದರಿ ಬಾಗಿಲಲ್ಲೇ ನಿಂತು, ಈ ವರ್ಷ ಬೇರೆಯವರಿಗೆ ಕೊಡಿ ಎಂದರಂತೆ. ಹುಡುಗರು ಕಿಟ್ ವಾಪಸು ತಂದು ನನ್ನ ಮುಂದಿಟ್ಟರು. ಮಸ್ಜಿದಿಗೆ ಅಷ್ಟು ಸಂತೋಷ ತಂದ ಕಿಟ್ ಇನ್ನೊಂದಿಲ್ಲ.

ಅಲ್ಲಾಹನು ನಮ್ಮ ದುಡಿಮೆಯನ್ನು ಹಲಾಲ್ ಆಗಿಸಲಿ, ಅದರಲ್ಲಿ ಬರಕತ್ ನೀಡಲಿ, ಬೇಡುವ ಕೈಗಳನ್ನು ಕೊಡುವ ಕೈಗಳನ್ನಾಗಿ ಮಾಡಲಿ. ಆಮೀನ್.